ಹಗುರಾಗಿ ಪ್ರೀತಿಸುವ ಹಕ್ಕು

ಥಾಯ್ಲೆಂಡಿನ ಶಾಲಾ ಪ್ರೇಮಚಿತ್ರಗಳಿಂದ ಗೋವಾದ ಡಿಚೋಲಿಯ ಕನ್ನಡ ಮನೆಗಳವರೆಗೆ ಕೇಳಬೇಕಾದ ಪ್ರಶ್ನೆ ಒಂದೇ. ತೆರೆಯ ಮೇಲೆ ನಗುನಗುತ್ತ ಪ್ರೀತಿಸುವ ಅವಕಾಶ ಯಾರಿಗೆ? ಅಳುತ್ತ ಪ್ರೀತಿಸುವುದು ಯಾರ ಪಾಲು?

ಏಳನೇ ತರಗತಿಯ ನಾಮ್ ಕಪ್ಪು ಹುಡುಗಿ. ಕಣ್ಣಿಗೆ ಕನ್ನಡಕ, ಹಲ್ಲಿಗೆ ತಂತಿ. ಮೇಲಿನ ತರಗತಿಯ ಶೋನ್ ಎಂಬ ಚೆಲುವನ ಮೇಲೆ ಅವಳ ಮನಸ್ಸು. ಪ್ರೇಮದಲ್ಲಿ ಗೆಲ್ಲಲು ಒಂಬತ್ತು ದಾರಿ ಹೇಳಿಕೊಡುವ ಪುಸ್ತಕವೊಂದನ್ನು ಹಿಡಿದು ಗೆಳತಿಯರು ಅವಳನ್ನು ತಿದ್ದಲು ಹೊರಡುತ್ತಾರೆ. ನಗೆಪಾಟಲಾಗುತ್ತ, ಮತ್ತೆ ಎದ್ದು ನಿಲ್ಲುತ್ತ ನಾಮ್ ಮೆಲ್ಲಗೆ ಬೆಳ್ಳಗಾಗುತ್ತಾಳೆ. ಕನ್ನಡಕ ಹೋಗುತ್ತದೆ, ಶಾಲಾ ನಾಟಕದಲ್ಲಿ ಸ್ನೋ ವೈಟ್ ಪಾತ್ರ ಸಿಗುತ್ತದೆ, ಬ್ಯಾಂಡ್ ತಂಡದ ಮುಂದೆ ಕೋಲು ಹಿಡಿದು ನಡೆಯುವ ಗೌರವವೂ ಒದಗುತ್ತದೆ. 2010ರಲ್ಲಿ ಬಂದ ಈ ಥಾಯ್ ಚಿತ್ರ ‘ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್’, ‘ಫಸ್ಟ್ ಲವ್’ ಎಂಬ ಎರಡು ಹೆಸರುಗಳಲ್ಲಿ ಏಷ್ಯಾದ ಉದ್ದಗಲಕ್ಕೂ ಓಡಾಡಿತು. ನಾಮ್ ಆಗಿ ನಟಿಸಿದ ಪಿಮ್ಚನೋಕ್, ಶೋನ್ ಆಗಿ ನಟಿಸಿದ ಮಾರಿಯೋ ಮೌರರ್ ಇಬ್ಬರೂ ಹೊರದೇಶಗಳಲ್ಲೂ ಹೆಸರಾದರು.

ಚಿತ್ರದ ಕೊನೆಯಲ್ಲಿ ಒಂದು ಆಲ್ಬಂ ಹೊರಬೀಳುತ್ತದೆ. ಅದರ ತುಂಬ ಶೋನ್ ಕದ್ದು ತೆಗೆದ ನಾಮ್‌ಳ ಫೋಟೊಗಳು, ಅವಳು ಕಪ್ಪಗಿದ್ದ ದಿನಗಳಿಂದಲೂ. ಅವನು ಮೊದಲಿನಿಂದಲೇ ಅವಳನ್ನು ಪ್ರೀತಿಸುತ್ತಿದ್ದ. ಹಾಗಾದರೆ ಅಷ್ಟು ಹೊತ್ತು ಅವಳನ್ನು ತಿಕ್ಕಿ ತೊಳೆದಿದ್ದು ಯಾರಿಗಾಗಿ? ಶೋನ್‌ಗಾಗಿ ಅಲ್ಲ. ನೋಡುತ್ತ ಕೂತ ನಮಗಾಗಿ. ಕಪ್ಪು ಹುಡುಗಿ ಪ್ರೀತಿಗೆ ಯೋಗ್ಯಳು ಎನ್ನುತ್ತದೆ ಕಥೆ. ಬೆಳ್ಳಗಾಗುವ ತನಕ ಅವಳನ್ನು ನಾಯಕಿಯಾಗಿ ತೋರಿಸಲು ಒಪ್ಪುವುದಿಲ್ಲ ಕ್ಯಾಮೆರಾ. ಈ ಎಳೆದಾಟ ಥಾಯ್ಲೆಂಡಿನದಷ್ಟೇ ಅಲ್ಲ. ಬಿಳಿಯರಾದರೆ ಗೆದ್ದಂತೆ ಎಂದು ಸಾರಿದ ಜಾಹೀರಾತೊಂದನ್ನು ಅಲ್ಲಿನ ಜನ ಛೀಮಾರಿ ಹಾಕಿ 2016ರಲ್ಲಿ ವಾಪಸ್ ತೆಗೆಸಿದರು. ನಮ್ಮಲ್ಲಿ 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಆ್ಯಂಡ್ ಲವ್ಲಿ’ ಹೆಸರಿನ ಮೊದಲ ಪದವನ್ನು ಕಳಚಿಕೊಂಡಿದ್ದು 2020ರಲ್ಲಿ.

ಆದರೂ ಈ ಚಿತ್ರದಲ್ಲಿ ಒಂದು ದೊಡ್ಡ ಗುಣವಿದೆ. ಕಥೆ ನಡೆಯುವುದು ಹುಡುಗಿಯ ಆಸೆಯಿಂದ. ನೋಡುವವಳು ಅವಳು, ನೋಡಿಸಿಕೊಳ್ಳುವವನು ಅವನು. ಅವಳು ಎಡವಿದಾಗ ನಾವು ನಗುತ್ತೇವೆ, ಆದರೆ ಅವಳಿಗೆ ಕೇಡಾಗುವುದಿಲ್ಲ. ಅಪ್ಪ ಬಡಿಯುವುದಿಲ್ಲ, ಊರು ಕತ್ತಿ ಹಿರಿಯುವುದಿಲ್ಲ. ಮೂರ್ಖತನಕ್ಕೆ ಪ್ರಾಣ ತೆರಬೇಕಿಲ್ಲದ ಇಂಥ ಲೋಕದಲ್ಲಿ ಯಾರಿಗೆಲ್ಲ ಜಾಗ ಸಿಕ್ಕಿದೆ ಎಂದು ನೋಡಿದರೆ, ಪ್ರಾತಿನಿಧ್ಯದ ಮಾತು ಬೇರೆಯದೇ ರೂಪ ಪಡೆಯುತ್ತದೆ.

ಘಟ್ಟದಿಂದ ಇಳಿದವರು

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಸಾಂಖಳಿ, ಅಲ್ಲಿಂದ ಮುಂದೆ ಡಿಚೋಲಿ. ಉತ್ತರ ಗೋವಾದ ಈ ತಾಲ್ಲೂಕು ಕೇಂದ್ರಕ್ಕೆ ಕಡಲಿಲ್ಲ, ಪ್ರವಾಸಿ ಪೋಸ್ಟರಿನ ತೆಂಗಿನ ಸಾಲಿಲ್ಲ. ಇರುವುದು ಕೆಂಪು ಮಣ್ಣು, ಕಬ್ಬಿಣದ ಅದಿರಿನ ಗುಡ್ಡಗಳು, ಮಯೆಂ ಕೆರೆ, ಗಿಜಿಗುಡುವ ಸಂತೆ. 2012ರಲ್ಲಿ ಗಣಿಗಾರಿಕೆ ನಿಂತಾಗ, 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿದಾಗ ಪೆಟ್ಟು ತಿಂದ ಊರುಗಳಲ್ಲಿ ಇದೂ ಒಂದು. ಹರಾಜಿನ ಹೊಸ ಪದ್ಧತಿಯಲ್ಲಿ ಗೋವಾದ ಗಣಿಗಳು ಮರಳಿ ತೆರೆಯತೊಡಗಿದ್ದೂ ಡಿಚೋಲಿಯಿಂದಲೇ.

ಕನ್ನಡಕ್ಕೆ ಈ ನೆಲ ಹೊಸತಲ್ಲ. ಡಿಚೋಲಿ ತಾಲ್ಲೂಕಿನ ನಾರ್ವೆಯಲ್ಲಿರುವ ಸಪ್ತಕೋಟೇಶ್ವರ ಗೋವಾ ಕದಂಬರ ಆರಾಧ್ಯದೈವ. ಆ ಅರಸರು ಕನ್ನಡದಲ್ಲಿ ಶಾಸನ ಬರೆಸಿದವರು. 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ ಗುಡಿ ಇದು. ಗೋವಾದ ಸರ್ಕಾರಿ ಬಸ್ಸುಗಳ ಮೈಮೇಲೆ ಇಂದಿಗೂ ಕದಂಬರ ಹೆಸರಿದೆ. ಆ ಬಸ್ಸಿನಲ್ಲಿ ಕೂತು ಕನ್ನಡದಲ್ಲಿ ಫೋನು ಮಾಡುವ ಕೂಲಿಯವನಿಗೆ ಮಾತ್ರ ‘ಘಾಂಟಿ’ ಎಂಬ ಹೀಯಾಳಿಕೆ. ಅರಸನಾಗಿ ಬಂದ ಕನ್ನಡಿಗನಿಗೆ ಬಸ್ಸು ಸಿಕ್ಕಿತು, ಆಳಾಗಿ ಬಂದವನಿಗೆ ಸೀಟೂ ಕಷ್ಟವಾಯಿತು.

2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ನೂರಕ್ಕೆ ನಾಲ್ಕೈದು ಮಂದಿಯ ತಾಯ್ನುಡಿ ಕನ್ನಡ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬೆಳಗಾವಿ ಸೀಮೆಯಿಂದ ಬಂದವರೇ ಹೆಚ್ಚು. ಗಾರೆ ಕೆಲಸ, ಗಣಿಯ ಲಾರಿ, ತರಕಾರಿ ಬುಟ್ಟಿ, ಮನೆಗೆಲಸ ಎಂದು ಹಂಚಿಹೋದವರು. ಬೆಳಗಾದರೆ ಹಾರ್ನ್ ಒತ್ತುತ್ತ ಪಾವ್ ತರುವ ಸೈಕಲ್ಲುಗಳ ಮೇಲೂ ಹಲವೆಡೆ ಕರ್ನಾಟಕದ ಹುಡುಗರೇ.

ಇವರ ಮಕ್ಕಳು ಗೋವಾದಲ್ಲೇ ಹುಟ್ಟಿದವರು. ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ, ಮೊಬೈಲಿನಲ್ಲಿ ಹಿಂದಿ. ಒಂದೇ ದಿನದಲ್ಲಿ ನಾಲ್ಕು ನುಡಿ ಬದಲಿಸುವ ಜಾಣರು. ಹದಿನಾರು ತುಂಬಿದಾಗ ಇವರಿಗೂ ಯಾರ ಮೇಲೋ ಮನಸ್ಸಾಗುತ್ತದೆ, ಕನ್ನಡಿ ಬೇಕಾಗುತ್ತದೆ, ಕೇಳುವ ಹಾಡುಗಳು ಬದಲಾಗುತ್ತವೆ. ಆದರೆ ತಮ್ಮಂಥವರು ಪ್ರೀತಿಸುವ ಸಿನಿಮಾ ಹುಡುಕಿದರೆ ಇವರಿಗೆ ಸಿಗುವುದೇನು?

ಗೋವಾ ಎಂಬ ಸೆಟ್ಟು

ಭಾರತದ ಹದಿಹರೆಯದ ಪ್ರೇಮಚಿತ್ರಕ್ಕೆ ದಾರಿ ತೋರಿದ್ದೇ ಗೋವಾ ಮೂಲದ ಹುಡುಗಿಯ ಕಥೆ. 1973ರ ‘ಬಾಬಿ’ಯಲ್ಲಿ ಬೆಸ್ತರ ಜಾಕ್ ಬ್ರಗಾಂಜಾನ ಮಗಳನ್ನು ಸಿರಿವಂತರ ಹುಡುಗ ಪ್ರೀತಿಸುತ್ತಾನೆ. ರಾಜ್ ಕಪೂರ್ ಅದಕ್ಕೆ ಸುಖಾಂತ ಕೊಟ್ಟರು, ದೇಶ ಕುಣಿಯಿತು, ಕೊಂಕಣಿ ಜಾನಪದದ ಒಂದು ಪಲ್ಲವಿ ಹಿಂದಿಯವರ ಬಾಯಲ್ಲೂ ಕೂತಿತು. ಅದರ ಜೊತೆಗೇ ಗೋವಾದ ಕ್ರೈಸ್ತನೆಂದರೆ ಕುಡಿದು ತೂರಾಡುತ್ತ ನಗಿಸುವವನು, ಮನಸ್ಸು ಮಾತ್ರ ಚಿನ್ನ ಎಂಬ ಅಚ್ಚೂ ಗಟ್ಟಿಯಾಯಿತು. ಆ ಅಚ್ಚಿನ ಬಗ್ಗೆ ಗೋವಾದವರ ಸಿಟ್ಟು ಇಂದಿಗೂ ಇಳಿದಿಲ್ಲ.

1981ರ ‘ಏಕ್ ದೂಜೆ ಕೆ ಲಿಯೆ’ ಇನ್ನೂ ವಿಚಿತ್ರ. ಕೆ. ಬಾಲಚಂದರ್ ತಮ್ಮದೇ ತೆಲುಗು ಚಿತ್ರ ‘ಮರೋ ಚರಿತ್ರ’ವನ್ನು ಹಿಂದಿಗೆ ತಂದಾಗ ಕಥೆಯನ್ನು ಗೋವಾದಲ್ಲಿ ನೆಲೆಗೊಳಿಸಿದರು. ಅಕ್ಕಪಕ್ಕದ ಎರಡು ಮನೆ, ಒಂದು ತಮಿಳರದು, ಇನ್ನೊಂದು ಉತ್ತರ ಭಾರತದವರದು. ಭಾಷೆ ಬಾರದ ಪ್ರೇಮಿಗಳ ಮೊದಲರ್ಧದ ಹುಡುಗಾಟ ಅಪ್ಪಟ ಹಾಸ್ಯ. ಗೋವಾದಲ್ಲಿ ಬದುಕು ಕಟ್ಟಿಕೊಂಡ ಹೊರಗಿನವರ ಮಕ್ಕಳೇ ನಾಯಕ, ನಾಯಕಿ. ಆದರೆ ಅವರ ಪ್ರೇಮದಲ್ಲಿ ಗೋವಾದವರ ಪಾಲಿಲ್ಲ, ಊರು ಬರೀ ಬಂಡೆ ಮತ್ತು ಅಲೆ. ಕೊನೆಗೆ ಇಬ್ಬರೂ ಸಾಯುತ್ತಾರೆ.

ಕನ್ನಡ ಸಿನಿಮಾದ ಲೆಕ್ಕವೂ ಬೇರೆಯಲ್ಲ. ನಮ್ಮ ನಾಯಕ ಗೋವಾಕ್ಕೆ ಹೋಗುವುದು ಗೆಳೆಯರ ಜೊತೆ ಕುಡಿಯಲು, ಹಾಡಲು, ಮರೆಯಲು. ಅವನ ಕಾರು ನಿಂತ ಲಾಡ್ಜಿನ ಗೋಡೆ ಕಟ್ಟಿದವನು ಗದಗದವನಾಗಿರಬಹುದು, ತಟ್ಟೆ ತೊಳೆದವಳು ಸವದತ್ತಿಯವಳಾಗಿರಬಹುದು. ನಾಯಕ ಅವರ ಜೊತೆ ಕನ್ನಡದಲ್ಲಿ ಒಂದು ಮಾತೂ ಆಡುವುದಿಲ್ಲ. ಕಡಲತೀರದಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸು ಹಾಡಿನ ನಡುವೆ ಹಾದು ಹೋಗುತ್ತಾಳೆ, ಬಣ್ಣಕ್ಕಾಗಿ.

ಕೊಂಕಣಿಯವರದು ಸಣ್ಣ ಚಿತ್ರರಂಗ, ಆದರೆ ಹುಟ್ಟಿದ್ದು ಪ್ರೇಮದಿಂದಲೇ. ಅಲ್ ಜೆರ‍್ರಿ ಬ್ರಗಾಂಜಾ ಮಾಡಿದ ಮೊದಲ ಕೊಂಕಣಿ ಚಿತ್ರ ‘ಮೊಗಾಚೊ ಆಂವ್ಡೊ’ 1950ರ ಏಪ್ರಿಲ್ 24ರಂದು ತೆರೆಕಂಡಾಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ತಮ್ಮನ್ನು ಹಿಂದಿ ಸಿನಿಮಾ ಕುಡುಕರನ್ನಾಗಿ ತೋರಿಸಿತೆಂದು ನೊಂದವರ ರಂಗಭೂಮಿಯೂ ಘಟ್ಟದ ಕೂಲಿಯನ್ನು ಬಿಡಲಿಲ್ಲ. ತಿಯಾತ್ರ್‌ ಎಂಬ ಕೊಂಕಣಿ ನಾಟಕಗಳ ಹಾಸ್ಯದಲ್ಲಿ ಹರಕುಮುರುಕು ಕೊಂಕಣಿ ಆಡುವ ಘಾಂಟಿ ಬಂದರೆ ನಗೆ ಖಾತರಿ. ಮಿರಾನ್‌ಶಾ ನಾಯ್ಕ್ ಅವರ ‘ಜೂಜೆ’ ಈ ನಗೆಯನ್ನು ನಿಲ್ಲಿಸಿದ ಚಿತ್ರ. ವಲಸೆ ಕೂಲಿಗಳ ವಠಾರ, ಅವರ ನೆತ್ತಿಯ ಮೇಲೆ ಕೂತ ಜೂಜೆ ಎಂಬ ಮಾಲೀಕ, ಅವನಿಗೆ ಎದುರು ನಿಲ್ಲುವ ಹದಿಹರೆಯದ ಸಂತೋಷ್. ಗೋವಾ ತನ್ನ ಅಂಗಳದ ಕ್ರೌರ್ಯವನ್ನು ತಾನೇ ನೋಡಿಕೊಂಡ ಧೈರ್ಯ ಅದರಲ್ಲಿದೆ. ಆದರೆ ಅಲ್ಲೂ ವಲಸೆಯ ಹುಡುಗ ತೆರೆಗೆ ಬರಬೇಕಾದರೆ ಮೊದಲು ಏಟು ತಿನ್ನಬೇಕು.

ಅಳುವುದಕ್ಕೆ ಮಾತ್ರ ಆಹ್ವಾನ

ಇಲ್ಲಿ ಒಂದು ನಿಯಮ ಕಾಣುತ್ತದೆ. ಅಂಚಿನವರನ್ನು ಸಿನಿಮಾ ಕರೆಯುವುದೇ ಇಲ್ಲ ಎನ್ನಲಾಗದು. ಕರೆಯುತ್ತದೆ, ದುರಂತಕ್ಕೆ.

ಡಿಚೋಲಿಯ ಮಕ್ಕಳು ಶಾಲೆಯಲ್ಲಿ ಕಲಿಯುವ ಭಾಷೆಗಳಲ್ಲಿ ಮರಾಠಿಯೂ ಒಂದು. ಆ ಭಾಷೆಯಲ್ಲೇ ಬಂದ ನಾಗರಾಜ ಮಂಜುಳೆಯವರ ‘ಫಂಡ್ರಿ’ಯಲ್ಲಿ ದಲಿತರ ಕಪ್ಪು ಹುಡುಗ ಜಬ್ಯಾ ಮೇಲ್ಜಾತಿಯ ಬೆಳ್ಳನೆಯ ಶಾಲುವನ್ನು ಮೆಚ್ಚುತ್ತಾನೆ. ಹೊಸ ಜೀನ್ಸ್ ಕೊಳ್ಳುವ ಕನಸು, ಅವಳಿಗೆ ಚೆನ್ನಾಗಿ ಕಾಣಬೇಕೆಂಬ ಹಂಬಲ, ಎಲ್ಲ ಥೇಟ್ ನಾಮ್‌ಳದೇ. ನಾಮ್‌ಳಿಗೆ ಸಿಕ್ಕಿದ್ದು ಸ್ನೋ ವೈಟ್ ವೇಷ. ಜಬ್ಯಾ ಇಡೀ ಊರಿನೆದುರು ಹಂದಿ ಹಿಡಿಯಬೇಕಾಯಿತು, ಕೊನೆಗೆ ಅವನ ಕೈಗೆ ಬಂದದ್ದು ಒಂದು ಕಲ್ಲು. 2016ರ ‘ಸೈರಾಟ್’ನ ಮೊದಲರ್ಧ ಈ ದೇಶದ ಅತಿ ಚೆಂದದ ಹದಿಹರೆಯದ ಹಾಸ್ಯಪ್ರೇಮಗಳಲ್ಲಿ ಒಂದು. ಎರಡನೆಯ ಅರ್ಧದಲ್ಲಿ ಆರ್ಚಿ, ಪರ್ಶ್ಯಾ ಹೈದರಾಬಾದಿನ ಕೊಳೆಗೇರಿಗೆ ಓಡಿ ಭಾಷೆ ಬಾರದ ವಲಸಿಗರಾಗುತ್ತಾರೆ. ಮುಕ್ತಾಯ ಎಲ್ಲರಿಗೂ ಗೊತ್ತು. ಮರುವರ್ಷ ಅದು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೂ ಬಂತು.

ಮಂಜುಳೆ ಎಸೆದ ಕಲ್ಲು ಬೇಕಿತ್ತು. ಜಾತಿ ಕೊಲ್ಲುವ ದೇಶದಲ್ಲಿ ಕೊಲೆಯನ್ನು ಮರೆಮಾಚುವ ನಗು ಸುಳ್ಳಾಗುತ್ತಿತ್ತು. ಕನ್ನಡದಲ್ಲೂ ಲಿಂಗ ಬದಲಿಸಿಕೊಂಡವರ ಬದುಕನ್ನು ಘನತೆಯಿಂದ ತೋರಿಸಿದ್ದು ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಪಾತ್ರದ ದಾರಿಯೂ ನೋವಿನದೇ. ಇವು ಯಾವುವೂ ತಪ್ಪಲ್ಲ. ತಪ್ಪು ಇರುವುದು ಹಂಚಿಕೆಯಲ್ಲಿ. ಪಟ್ಟಣದ ಕಾಲೇಜು ಹುಡುಗನಿಗೆ ನಗುವ ಚಿತ್ರವೂ ಇದೆ, ಅಳುವ ಚಿತ್ರವೂ ಇದೆ. ಕೂಲಿಯವನ ಮಗಳಿಗೆ ಇರುವುದು ಒಂದೇ ಬಗೆ. ಅಂಥ ಚಿತ್ರಗಳನ್ನಷ್ಟೇ ನೋಡಿ ಬೆಳೆದವಳು ಪ್ರೀತಿ ಎಂದರೆ ಪೆಟ್ಟಿನ ಮುನ್ಸೂಚನೆ ಎಂದೇ ಕಲಿಯುತ್ತಾಳೆ. ಅವಳನ್ನು ನೋಡುವ ನಾವು ಅವಳಿಗಾಗಿ ಮರುಗಲು ಕಲಿಯುತ್ತೇವೆ. ಅವಳ ಜೊತೆ ನಗಲು ಕಲಿಯುವುದಿಲ್ಲ.

ಥಾಯ್ಲೆಂಡೂ ಈ ಹಂತ ದಾಟಿ ಬಂದದ್ದೇ. ಹೆಣ್ಣಿಗರು ಅಲ್ಲಿ ದಶಕಗಳ ಕಾಲ ಕಿರುಚಾಡಿ ನಗಿಸುವ ಪೋಷಕ ಪಾತ್ರಗಳಾಗಿದ್ದರು. 2007ರ ‘ದ ಲವ್ ಆಫ್ ಸಯಾಮ್’ ಇಬ್ಬರು ಹುಡುಗರ ನಡುವಿನ ಪ್ರೀತಿಯ ಕಥೆ. ಆದರೆ ಪ್ರಚಾರದಲ್ಲಿ ಹುಡುಗ ಹುಡುಗಿಯರ ಮಾಮೂಲಿ ಪ್ರೇಮಚಿತ್ರದಂತೆ ತೋರಿಸಲಾಗಿತ್ತು. ಥಿಯೇಟರಿಗೆ ಬಂದು ಕೂತ ಮೇಲೆ ಕೆಲವರು ಗೊಣಗಿದರು, ಹಲವರು ಕಣ್ಣೀರಾದರು. ಆ ಚಿತ್ರದ ಹುಡುಗರೂ ಒಂದಾಗಲಿಲ್ಲ. ಮುಂದೆ ಅಂಥ ಪ್ರೇಮಕ್ಕೆ ಹಗುರ ಹಾಸ್ಯದ ಧಾರಾವಾಹಿಗಳು ಬಂದವು. 2020ರ ‘ಟುಗೆದರ್’ ಅಂಥದ್ದರಲ್ಲಿ ದೊಡ್ಡ ಹೆಸರು. ಪ್ರೇಮಿಗಳಂತೆ ನಟಿಸುವ ಇಬ್ಬರು ವಿದ್ಯಾರ್ಥಿಗಳು ನಿಜಕ್ಕೂ ಪ್ರೀತಿಗೆ ಬೀಳುತ್ತಾರೆ, ಕಥೆ ಇಷ್ಟೇ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟ ಕಾನೂನು ಅಲ್ಲಿ ಜಾರಿಗೆ ಬಂದದ್ದು 2025ರ ಜನವರಿ 23ರಂದು. ಧಾರಾವಾಹಿಗಳಿಂದಲೇ ಕಾನೂನು ಬಂತು ಎಂದರೆ ದಶಕಗಳ ಹೋರಾಟಕ್ಕೆ ಅನ್ಯಾಯವಾಗುತ್ತದೆ. ಆದರೆ ಮನೆಮನೆಯ ಟಿ.ವಿ. ಮುಂದೆ ಅಜ್ಜಿಯರೂ ಕೂತು ನಕ್ಕ ಪ್ರೇಮವನ್ನು ಅಪಾಯ ಎಂದು ಬಿಂಬಿಸುವುದು ಕಷ್ಟ.

ತಾವೇ ಕ್ಯಾಮೆರಾ ಹಿಡಿದಾಗ

ಡಿಚೋಲಿಗೆ ಹೆಚ್ಚು ಹತ್ತಿರದ ಪಾಠ ಥಾಯ್ಲೆಂಡಿನ ಈಶಾನ್ಯದಲ್ಲಿದೆ. ಇಸಾನ್ ಎಂಬ ಆ ಸೀಮೆಯಲ್ಲಿ ದೇಶದ ಸುಮಾರು ಮೂರನೇ ಒಂದು ಭಾಗ ಜನರಿದ್ದಾರೆ. ಒಣ ಭೂಮಿ, ಲಾವೋಗೆ ಹತ್ತಿರದ ನುಡಿ, ಸುಗ್ಗಿ ಮುಗಿದರೆ ಬ್ಯಾಂಕಾಕಿನತ್ತ ಗುಳೆ. ಟ್ಯಾಕ್ಸಿ ಓಡಿಸುವವರು, ಗೋಡೆ ಕಟ್ಟುವವರು, ಮನೆಗೆಲಸದವರು ಅಲ್ಲಿಯವರು. ಬ್ಯಾಂಕಾಕಿನ ಧಾರಾವಾಹಿಗಳಲ್ಲಿ ಇಸಾನ್ ನುಡಿ ಕೇಳಿದರೆ ಮನೆಗೆಲಸದವಳು ಬಂದಳೆಂದೇ ಲೆಕ್ಕ. ಉತ್ತರ ಕರ್ನಾಟಕದ ಮಾತು ಕೇಳಿದೊಡನೆ ಹಾಸ್ಯಪಾತ್ರ ಬಂತೆಂದು ಬೆಂಗಳೂರಿನ ಸಿನಿಮಾ ತೀರ್ಮಾನಿಸುತ್ತಿದ್ದ ಹಾಗೆಯೇ.

2017ರಲ್ಲಿ ಇಸಾನಿನ ಸೀಸಾಕೆಟ್ ಪ್ರಾಂತ್ಯದ ಯುವಕರ ಗುಂಪೊಂದು ‘ಥೈಬಾನ್ ದ ಸೀರೀಸ್’ ಎಂಬ ಚಿತ್ರ ಮಾಡಿತು. ಕಡಿಮೆ ಬಜೆಟ್ಟು, ಅಲ್ಲಿನವೇ ಮುಖಗಳು, ಅಲ್ಲಿನದೇ ಮಾತು. ಜಾಲೋಡ್ ಎಂಬ ಹಳ್ಳಿಯ ಹುಡುಗ ಗೆಳತಿಯನ್ನು ಹುಡುಕುತ್ತ ಗೆಳೆಯರ ಜೊತೆ ಅಲೆಯುವ ನಗೆಯ ಕಥೆ. ಇಸಾನ್ ಜನ ಮುಗಿಬಿದ್ದು ನೋಡಿದರು, ಮುಂದಿನ ಭಾಗಗಳೂ ಬಂದವು. ಬಡತನ ಆ ಚಿತ್ರದಲ್ಲೂ ಇದೆ. ಆದರೆ ಅದು ಕಥೆಯ ವಿಷಯವಲ್ಲ, ಕಥೆ ನಡೆಯುವ ಜಾಗ ಅಷ್ಟೇ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಹೆಜ್ಜೆಗಳಿವೆ. ಮಂಡ್ಯದ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿಸಿದ ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಅಲೆಯುವ ಅಭಿಯ ಹುಚ್ಚಾಟ ಸಾವಿನ ಮನೆಯ ಕಥೆಯೊಳಗೇ ನಡೆಯುತ್ತದೆ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ಯಲ್ಲಿ ರಿಷಬ್ ಶೆಟ್ಟಿ ಗಡಿಯಾಚೆಯ ಕನ್ನಡ ಮಕ್ಕಳನ್ನು ನಡುವೆ ನಿಲ್ಲಿಸಿದರು. ಕನ್ನಡ ಶಾಲೆಗೆ ಬಂದ ಮಲಯಾಳಿ ಗಣಿತ ಮೇಷ್ಟ್ರು, ಮುಚ್ಚುವ ಭೀತಿಯಲ್ಲಿರುವ ಶಾಲೆ, ಇದರ ನಡುವೆ ಪಲ್ಲವಿಗೆ ಮನಸೋತ ಪ್ರವೀಣ. ಭಾಷಾ ಅಲ್ಪಸಂಖ್ಯಾತರ ಸಂಕಟವನ್ನು ಹುಡುಗಾಟದ ದನಿಯಲ್ಲಿ ಹೇಳಬಹುದೆಂದು ತೋರಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು.

2023ರ ‘ಡೇರ್‌ಡೆವಿಲ್ ಮುಸ್ತಾಫಾ’ ಇನ್ನೊಂದು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಅವರ ಓದುಗರೇ ಹಣ ಹಾಕಿ ಸಿನಿಮಾ ಮಾಡಿದರು, ಶಶಾಂಕ್ ಸೋಗಾಲ್ ನಿರ್ದೇಶಿಸಿದರು. ಅಬಚೂರಿನ ಕಾಲೇಜಿನ ಹಿಂದೂ ಹುಡುಗರ ನಡುವೆ ಬಂದು ಕೂತ ಮುಸ್ತಾಫಾನ ಬಗ್ಗೆ ಅವರಿಗಿರುವ ಭಯ, ಕುತೂಹಲ, ಹೊಟ್ಟೆಕಿಚ್ಚುಗಳೇ ಅಲ್ಲಿ ನಗೆಯ ಮೂಲ. ನಾವು ನಗುವುದು ಮುಸ್ತಾಫಾನನ್ನು ನೋಡಿಯಲ್ಲ, ಅವನ ಬಗ್ಗೆ ಕಟ್ಟಿಕೊಂಡ ಕಲ್ಪನೆಗಳು ಒಡೆಯುವುದನ್ನು ನೋಡಿ. ಹಾಸ್ಯದ ಕೆಲಸವೆಂದರೆ ಇದು.

ಮೆಚ್ಚುತ್ತಲೇ ಕೊರತೆಯನ್ನೂ ಹೇಳಬೇಕು. ಮುಸ್ತಾಫಾ ಒಪ್ಪಿತನಾಗಲು ಎಲ್ಲರಿಗಿಂತ ಚತುರನಾಗಿರಬೇಕಾಯಿತು, ಕ್ರಿಕೆಟ್ಟಿನಲ್ಲೂ ಮಿಂಚಬೇಕಾಯಿತು. ಸಾಧಾರಣ ಮುಸ್ತಾಫಾನಿಗೆ ಬಾಗಿಲು ತೆರೆಯುತ್ತಿತ್ತೇ? ಕಾಸರಗೋಡಿನ ಶಾಲೆಯಲ್ಲಿ ಪ್ರವೀಣನ ಕಣ್ಣಿನಲ್ಲಿ ಪಲ್ಲವಿಯನ್ನು ನೋಡಿದೆವು, ಪಲ್ಲವಿಯ ಕಣ್ಣಿಗೆ ಏನು ಕಂಡಿತೆಂದು ತಿಳಿಯಲಿಲ್ಲ. ನಾಮ್ ಬೆಳ್ಳಗಾಗಬೇಕಾಯಿತು, ಮುಸ್ತಾಫಾ ಗೆಲ್ಲಬೇಕಾಯಿತು. ಒಳಗೆ ಬಿಡಲು ಬಹುಸಂಖ್ಯಾತರು ಕೇಳುವ ಟಿಕೆಟ್ಟು ಚಿತ್ರದಿಂದ ಚಿತ್ರಕ್ಕೆ ಬೇರೆ, ಆದರೆ ಟಿಕೆಟ್ಟು ತಪ್ಪುವುದಿಲ್ಲ.

ಡಿಚೋಲಿಯಲ್ಲಿ ಏನು ನಡೆಯಬಹುದು

ಹಾಗಾಗಿ ಡಿಚೋಲಿಯ ಕನ್ನಡ ಹುಡುಗಿಗೆ ಬೇಕಿರುವುದು ಇನ್ನೊಂದು ಕಣ್ಣೀರಿನ ಚಿತ್ರವಲ್ಲ, ಪವಾಡದ ಚಿತ್ರವೂ ಅಲ್ಲ. ಅವಳು ಟಿಕೆಟ್ಟಿಲ್ಲದೆ ಒಳಗೆ ಬರುವ ಚಿತ್ರ.

ಅದಕ್ಕೆ ಬೇಕಾದ ಸರಕು ಅವಳ ದಿನಚರಿಯಲ್ಲೇ ಬಿದ್ದಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೊಂಕಣಿಯಲ್ಲಿ ಹೇಳಿದ್ದನ್ನು “ಯವ್ವಾ, ಉಪ್ಪು ಕಮ್ಮಿ ಮಾಡಬೇಕಂತ” ಎಂದು ಅವ್ವನಿಗೆ ದಾಟಿಸುವವಳು ಅವಳು. ಹುಡುಗ ಬರೆದ ಚೀಟಿಯನ್ನು ಅದೇ ಅವ್ವನ ಮುಂದೆ ಓದಬೇಕಾಗಿ ಬಂದರೆ ದಾಟಿಸುವುದು ಏನನ್ನು? ಮನೆಯವರ ಗುಟ್ಟುಗಳೆಲ್ಲ ಅವಳ ನಾಲಗೆಯ ಮೇಲೆ ನಿಂತಿರುವಾಗ ಹಾಸ್ಯಕ್ಕೆ ಬೇರೆ ಯಂತ್ರ ಬೇಡ. ‘ಏಕ್ ದೂಜೆ ಕೆ ಲಿಯೆ’ಯ ಪ್ರೇಮಿಗಳಿಗೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಇವಳಿಗೆ ಎಲ್ಲರದೂ ಬರುತ್ತದೆ. ಕಷ್ಟ ಹುಡುಗನಿಗೆ. ಅವನು ಕೊಂಕಣಿಯವನಾದರೆ ಕನ್ನಡ ಕಲಿಯಬೇಕು, ಅದೂ ಪುಸ್ತಕದ್ದಲ್ಲ, ಅವಳ ಅಪ್ಪ ಆಡುವ ಜವಾರಿ ಕನ್ನಡ. ಚವತಿ ಹಬ್ಬಕ್ಕೆ ಗಣಪತಿಯ ಮೇಲೆ ತೂಗುವ ಮಾಟೊಳಿಗೆ ಕಾಡುಕಾಯಿ ತರುವ ಕೆಲಸ ಅವನದಾದರೆ, ಸಂತೆಯಲ್ಲಿ ಅದನ್ನು ಮಾರಲು ಕೂತವಳು ಅವಳ ಅವ್ವನೇ ಆಗಿರಬಹುದು. ಅವಳು ಯಲ್ಲಮ್ಮನ ಜಾತ್ರೆಗೆ ಊರಿಗೆ ಹೊರಟರೆ ಚೋರ್ಲಾ ಘಾಟಿನ ತಿರುವುಗಳಲ್ಲಿ ಅವನ ಫೋನಿಗೆ ಸಿಗ್ನಲ್ ಸಿಗದು. ಗಣಿ, ಮಹದಾಯಿ ನೀರಿನ ಜಗಳ, ಬಾಡಿಗೆ ಮನೆ, ಕಾಗದಪತ್ರದ ತೊಡಕು ಎಲ್ಲವೂ ಆ ಚಿತ್ರದಲ್ಲಿರಲಿ. ‘ಥೈಬಾನ್’ನಲ್ಲಿ ಬಡತನ ಇದ್ದ ಹಾಗೆ, ನೆಲವಾಗಿ ಇರಲಿ. ಅವಳ ಮೈಬಣ್ಣ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಒಂದೇ ಇರಲಿ.

ಯಾರು ಮಾಡಬೇಕು? 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತಿರುವುದು ಪಣಜಿಯಲ್ಲಿ, ಡಿಚೋಲಿಯಿಂದ ಒಂದು ಬಸ್ಸಿನ ದೂರದಲ್ಲಿ. ಜಗತ್ತಿನ ಚಿತ್ರಗಳು ಅಲ್ಲಿಗೆ ಬಂದು ಹೋಗುತ್ತವೆ. ಬೆಂಗಳೂರಿನಿಂದ ನಿರ್ಮಾಪಕ ಬರಲೆಂದು ಕಾಯುವ ಅಗತ್ಯ ಈಗಿಲ್ಲ. ತೇಜಸ್ವಿಯ ಓದುಗರು ಕಾಯಲಿಲ್ಲ, ಸೀಸಾಕೆಟ್‌ನ ಹುಡುಗರೂ ಕಾಯಲಿಲ್ಲ. ಉತ್ತರ ಕರ್ನಾಟಕದ ಕಿರುಚಿತ್ರಗಳು ಯೂಟ್ಯೂಬಿನಲ್ಲಿ ತಮ್ಮದೇ ನುಡಿಯಲ್ಲಿ ಲಕ್ಷಗಟ್ಟಲೆ ನೋಡುಗರನ್ನು ಕಟ್ಟಿಕೊಂಡಿವೆ. ಗೋವಾದ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಶಾಲು, ಹಾರಗಳಿಗೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಹದಿನೇಳರ ನಾಲ್ಕು ಹುಡುಗ ಹುಡುಗಿಯರ ಕೈಗಿಟ್ಟರೆ ಒಂದು ಕಿರುಚಿತ್ರವಾದೀತು. ಕಥೆ ಬರೆಯುವಾಗ ಹಿರಿಯರು ಕೋಣೆಯಿಂದ ಹೊರಗಿರಲಿ. ಕನ್ನಡದ ಹಿರಿಮೆ, ಕದಂಬರ ವೈಭವ, ವಲಸಿಗರ ಬವಣೆ ಎಂದು ನಾವು ಸೇರಿಸುವ ಭಾರಕ್ಕೇ ಚಿತ್ರ ಮುಳುಗೀತು.

ಸಲಹೆ ಕೇಳಿದರೆ ಕೊಡಬಹುದಾದದ್ದು ಒಂದೇ. ಕನ್ನಡ, ಕೊಂಕಣಿ, ಮರಾಠಿ ಏನಾದರೂ ಬೆರೆಸಿ. ಅವಳು ಅವನನ್ನು ಒಪ್ಪಲಿ, ಬಿಡಲಿ, ಮುಂದಿನ ವರ್ಷ ಬೇರೊಬ್ಬನನ್ನು ಮೆಚ್ಚಲಿ. ಕೊನೆಯಲ್ಲಿ ಯಾರೂ ಸಾಯಬಾರದು.